ಬೆನ್ನುದಿಂಬಿನೊಳಗಿನ ಕೀಲಿ

ಕಾರಿನ ಕೀಲಿ ಕಳೆದುಹೋಗಿದೆ ಎಂದು ಮಗಳು ನಂಬಿದ್ದಳು. ಕಳೆದಿರಲಿಲ್ಲ. ಅದು ಅಮ್ಮನ ಬೆನ್ನುದಿಂಬಿನೊಳಗೆ, ಹತ್ತಿಯ ನಡುವೆ, ಬೆಚ್ಚಗೆ ಮಲಗಿತ್ತು.

ಬೀದಿಯವರೆಲ್ಲ ಟೈಲರಮ್ಮ ಎಂದು ಕರೆಯುವ ಈ ಅಮ್ಮ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಬಗ್ಗಿಯೇ ಸೊಂಟ ಕಳೆದುಕೊಂಡವಳು. ಎಲ್ಲಿ ಕೂತರೂ ಅವಳ ಬೆನ್ನಿಗೆ ಆ ಪುಟ್ಟ ದಿಂಬು ಬೇಕೇ ಬೇಕು. ಹಾಗಾಗಿ ಬಚ್ಚಿಡುವ ಜಾಗಕ್ಕೆ ಅವಳು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಹೊಲಿಗೆ ಬಿಚ್ಚಿದಳು, ಕೀಲಿ ತುರುಕಿದಳು, ಮತ್ತೆ ಹೊಲಿದಳು. ಅವಳ ಹೊಲಿಗೆಗೆ ಹೆಸರಿಡುವ ಹಾಗಿರಲಿಲ್ಲ. ಬುದ್ಧಿಯ ಮಾತು ಬೇರೆ.

ಮಗಳಿಗೆ ನರ್ಸ್ ಕೆಲಸ ಸಿಕ್ಕಿತ್ತು. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ನೋಡಿಕೊಳ್ಳುವ ಕೆಲಸ. ಸ್ವಂತ ಗಾಡಿ ಇದ್ದವರಿಗೆ ಮಾತ್ರ. ಅದಕ್ಕೆಂದೇ ಹಳೆಯ ಕಾರು ಕೊಂಡಿದ್ದಳು, ಅದರ ಜೊತೆ ಬಂದಿದ್ದು ಒಂದೇ ಕೀಲಿ. ಹೋಗಬೇಕಾದದ್ದು ಊರಾಚೆಯ ಹೆದ್ದಾರಿಯಲ್ಲಿ. ಅದೇ ಹೆದ್ದಾರಿಗೆ ಒಂದು ದಿನ ಟೈಲರಮ್ಮನ ಗಂಡ, ಊಟಕ್ಕೆ ಬಂದೆ ಎಂದು ಹೇಳಿ ಹೋಗಿದ್ದ. ಬಂದದ್ದು ಆಂಬುಲೆನ್ಸಿನಲ್ಲಿ, ಮುಖದವರೆಗೆ ಬಟ್ಟೆ ಹೊದ್ದು. ಬೇಡ ಎಂದು ಮಗಳಿಗೆ ಹೇಳಿ ಹೇಳಿ ಬಾಯಿ ನೋವಾದ ಮೇಲೆ ಅವಳು ಸೂಜಿ ಹಿಡಿದಿದ್ದಳು.

ಮಗಳು ಸುಮ್ಮನೆ ಕೂರುವ ಪೈಕಿಯಲ್ಲ. ಹೊಸ ಕೀಲಿ ತರಿಸಿದಳು. ಅದನ್ನು ಕಾರಿಗೆ ಪರಿಚಯ ಮಾಡಿಸಲು ಕೀಲಿಯವನನ್ನೂ ಕರೆಸಿದಳು. ಬೆಳಗಾದರೆ ಕೆಲಸಕ್ಕೆ ಸೇರಬೇಕು.

ಕೀಲಿಯವನು ಕಾರಿನ ಬಾಗಿಲನ್ನು ಹೇಗೋ ತೆರೆದು, ಸ್ಟೇರಿಂಗಿನ ಕೆಳಗೆ ತನ್ನ ಯಂತ್ರದ ವೈರು ಸಿಕ್ಕಿಸುವ ಹೊತ್ತಿಗೆ ಟೈಲರಮ್ಮ ದಿಂಬು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದು ಬಂದಳು. ಮೇಲೆ ಮನೆಯೊಳಗೆ ಸುಮ್ಮನೆ ಕೂರಲು ಅವಳಿಂದ ಆಗಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು, ದಿಂಬನ್ನು ಬೆನ್ನಿಗಿಟ್ಟುಕೊಂಡು, ಇದು ಕೆಡಲಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳತೊಡಗಿದಳು.

ಬೇಡಿಕೆ ಫಲಿಸಿತು. ಕೀಲಿಯವನು ಹೊಸ ಕೀಲಿಯನ್ನು ಸ್ಟಾರ್ಟ್ ಬಟನ್ನಿಗೆ ಒತ್ತಿ ಹಿಡಿದ. ಯಂತ್ರದ ಪರದೆಯಲ್ಲಿ ಕೆಂಪು ಬಂತು. ಮತ್ತೆ ಹಿಡಿದ, ಮತ್ತೆ ಕೆಂಪು.

"ಏನಾಯ್ತು?" ಎಂದಳು ಪಕ್ಕದಲ್ಲಿ ನಿಂತಿದ್ದ ಮಗಳು.

"ತಗೊಳ್ತಿಲ್ಲ. ಸೆಲ್ ವೀಕ್ ಇರ್ಬೇಕು."

ಹೊಸ ಕೀಲಿಯ ಸೆಲ್ ಬದಲಾಯಿಸಿದ. ಕೆಂಪು. ಕಾರಿನ ಬ್ಯಾಟರಿ ಇಳಿದಿರಬೇಕೆಂದು ಅದಕ್ಕೆ ಚಾರ್ಜರ್ ಕಟ್ಟಿದ. ಕೆಂಪು. ಕೀಲಿ ಈ ಮಾಡೆಲ್ಲಿನದು ಹೌದೋ ಅಲ್ಲವೋ ಎಂದು ಅದರ ಹಿಂದಿನ ನಂಬರನ್ನು ಬೆಳಕಿಗೆ ಹಿಡಿದು ಓದಿದ. ಅದೂ ಸರಿಯಾಗಿಯೇ ಇತ್ತು. ಪ್ರತಿ ಸಲ ಯಂತ್ರ ಕುಂಯ್ ಎಂದಾಗಲೂ ಟೈಲರಮ್ಮನ ಜೀವ ಬಾಯಿಗೆ ಬರುತ್ತಿತ್ತು, ಕೆಂಪು ಕಂಡೊಡನೆ ಮರಳುತ್ತಿತ್ತು.

ಕೊನೆಗೆ ಕೀಲಿಯವನು ತಲೆ ಕೆರೆದುಕೊಂಡ. "ಒಳಗಿನ ಕಂಪ್ಯೂಟರ್ ಬಾಕ್ಸೇ ಹೋಗಿರ್ಬೇಕು ಮೇಡಂ. ಗಾಡಿ ಎಳ್ಕೊಂಡು ವರ್ಕ್‌ಶಾಪಿಗೆ ಹೋಗ್ಬೇಕು. ನಾಳೆಗಂತೂ ಆಗಲ್ಲ."

ಮಗಳು ಫೋನು ತೆಗೆದಳು. ಕೆಲಸ ಕೊಟ್ಟವರ ನಂಬರು ಹುಡುಕಿದಳು. "ಹಾಗಾದ್ರೆ ಬರಲ್ಲ ಅಂತ ಹೇಳಿಬಿಡ್ತೀನಿ. ಅವರು ಬೇರೆಯವರನ್ನ ತಗೊಳ್ಳಲಿ."

ಟೈಲರಮ್ಮ ಗೆದ್ದಿದ್ದಳು. ಆದರೆ ಗೆದ್ದ ಖುಷಿ ಆಗಲಿಲ್ಲ. ಮಗಳ ಮುಖ ಅಷ್ಟು ಸಪ್ಪಗಾದದ್ದನ್ನು ಅವಳು ಗಂಡ ಹೋದ ವರ್ಷ ಮಾತ್ರ ನೋಡಿದ್ದಳು. ನಾಳೆ ಸರಿಹೋಗುತ್ತಾಳೆ, ಬದುಕಿದ್ದರೆ ತಾನೆ ಸಪ್ಪಗಾಗುವುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

"ಒಂದ್ನಿಮಿಷ, ಎರರ್ ಏನು ತೋರಿಸುತ್ತೆ ನೋಡ್ತೀನಿ," ಎಂದ ಕೀಲಿಯವನು ಹೊಸ ಕೀಲಿಯನ್ನು ಚೀಲಕ್ಕೆ ಹಾಕಿ ಚೀಲವನ್ನು ಹೊರಗಿಟ್ಟು, "ಬ್ರೇಕ್ ತುಳಿದು ಬಟನ್ ಒತ್ತಿ ಮೇಡಂ," ಎಂದ.

ಮಗಳು ಒಳಗೆ ಕೂತು ಒತ್ತಿದಳು. ಇಂಜಿನ್ ಸ್ಟಾರ್ಟ್ ಆಯಿತು.

ಮೂವರೂ ಕಕ್ಕಾಬಿಕ್ಕಿ. ಟೈಲರಮ್ಮ ದಿಂಬನ್ನು ಬೆನ್ನಿನಿಂದ ಇನ್ನಷ್ಟು ಒತ್ತಿ ಕೂತಳು. ತೂತಿಗೆ ಹಾಕಿ ತಿರುಗಿಸದೆ, ಕಾರಿನೊಳಗೆ ಇದ್ದ ಮಾತ್ರಕ್ಕೇ ಕೀಲಿ ಕೆಲಸ ಮಾಡುತ್ತದೆಂದು ಅವಳಿಗೆ ಯಾರು ಹೇಳಿದ್ದರು? ಕೀಲಿ ಎಂದರೆ ಕೀಲಿ, ಬಚ್ಚಿಟ್ಟರೆ ಮುಗಿಯಿತು ಎಂದು ತಿಳಿದಿದ್ದಳು.

"ಹಳೇ ಕೀ ಈ ಗಾಡಿ ಒಳಗೇ ಇದೆ," ಎಂದ ಕೀಲಿಯವನು. "ಅದಕ್ಕೇ ಹೊಸದು ಹತ್ತಲಿಲ್ಲ. ಕಾರು ಕೇಳಿದಾಗೆಲ್ಲ ಹಳೇದೇ ಮೊದಲು ಉತ್ತರ ಕೊಡ್ತಿದೆ. ಹುಡುಕಿ."

ಅವನೂ ಮಗಳೂ ಸೀಟಿನ ಸಂದುಗಳಲ್ಲಿ ಕೈಯಾಡಿಸತೊಡಗಿದರು. ನೀರು ಕುಡಿದು ಬರುತ್ತೇನೆಂದು ಟೈಲರಮ್ಮ ಮುಗುಮ್ಮಾಗಿ ದಿಂಬು ಎತ್ತಿಕೊಂಡು ಇಳಿದಳು. ಬಾಗಿಲು ಮುಚ್ಚಿ ಮೆಟ್ಟಿಲಿನತ್ತ ನಡೆದಿದ್ದೇ ತಡ, ಕಾರು ಕೀಂಯ್ ಕೀಂಯ್ ಎಂದು ಕೂಗಿಕೊಳ್ಳತೊಡಗಿತು.

"ಅಮ್ಮ, ನಿಲ್ಲಿ. ವಾಪಸ್ ಬಂದು ಕೂತ್ಕೊಳ್ಳಿ ನೋಡೋಣ," ಎಂದ ಕೀಲಿಯವನು.

ಬಂದು ಕೂತಳು. ಕಾರು ಬಾಯಿ ಮುಚ್ಚಿತು.

"ಈಗ ಇಳೀರಿ."

ಇಳಿದಳು. ಮತ್ತೆ ಅದೇ ರಂಪ. ಕೀಲಿಯವನು ಪಾಪ, ಅವಳನ್ನು ಸಂಶಯಿಸಲೇ ಇಲ್ಲ. ಫೋನಿನ ಕಾಟವಿರಬೇಕೆಂದು ಅವಳ ಫೋನನ್ನು ಇಸಿದುಕೊಂಡ. ಕೊರಳಿಗೆ ತೂಗುಹಾಕಿಕೊಂಡಿದ್ದ ಕತ್ತರಿಯನ್ನು ಬಿಚ್ಚಿಸಿದ. ಪ್ರತಿ ಸಲ ಅವಳು ಹತ್ತಿ ಇಳಿದಳು, ಪ್ರತಿ ಸಲ ಕಾರು ಚಾಡಿ ಹೇಳಿತು. ಮಗಳ ಕಣ್ಣು ಮಾತ್ರ ದಿಂಬಿನ ಮೇಲೆ ನಿಂತಿತ್ತು. ಹಳೆಯ ನೀಲಿ ಬಟ್ಟೆಯಂಚಿಗೆ ಹೊಸ ಬಿಳಿ ದಾರ.

"ಅಮ್ಮ," ಎಂದಳು, "ಆ ದಿಂಬು ಕೊಡು."

ಟೈಲರಮ್ಮ ಕೊಡಲಿಲ್ಲ. ಎದೆಗವಚಿಕೊಂಡು, ಕೀಲಿಯವನ ಕಡೆ ತಿರುಗಿ ಕೇಳಿದಳು: "ಕೀ ನನ್ನ ಹತ್ರಾನೇ ಇಟ್ಕೊಂಡು ನಾನು ದೂರ ಹೋದ್ರೆ? ಆಗ ಗಾಡಿ ನಿಲ್ಲುತ್ತಲ್ವಾ?"

ಕೀಲಿಯವನಿಗೆ ಈಗ ಅರ್ಥವಾಯಿತು. ಅವನು ನೆಲ ನೋಡುತ್ತ, ಮೆಲ್ಲಗೆ ಹೇಳಿದ. "ಇಲ್ಲಮ್ಮ. ಒಂದ್ಸಲ ಸ್ಟಾರ್ಟ್ ಆದ ಗಾಡಿ ನಿಲ್ಲಲ್ಲ. ಕೀ ದೂರ ಹೋಯ್ತು ಅಂತ ಕೂಗ್ಕೊಳ್ಳುತ್ತೆ ಅಷ್ಟೆ. ಓಡಿಸೋರು ಓಡಿಸ್ಕೊಂಡು ಹೋಗ್ಬಹುದು."

ಇಂಜಿನ್ ಓಡುತ್ತಲೇ ಇತ್ತು. ಮಗಳು ಡ್ರೈವರ್ ಸೀಟಿನಲ್ಲಿದ್ದಳು, ಗೇಟು ತೆರೆದಿತ್ತು. ಹೊರಟೇ ಬಿಡುತ್ತಾಳೆ ಎಂದು ಟೈಲರಮ್ಮ ಕಾರಿನ ಬಾಗಿಲು ಹಿಡಿದುಕೊಂಡಳು. ಮಗಳು ಹೊರಡಲಿಲ್ಲ. ಕೈಯೆರಡನ್ನೂ ಸ್ಟೇರಿಂಗಿನ ಮೇಲಿಟ್ಟು, ತಾಯಿಯನ್ನು ನೋಡದೆಯೇ ಮಾತಾಡಿದಳು.

"ನನಗೆ ಭಯ ಇಲ್ಲ ಅಂದ್ಕೊಂಡಿದ್ದೀಯಾ? ಡ್ರೈವಿಂಗ್ ಕಲಿಯುವಾಗ ಅಪ್ಪ ಹೋದ ಆ ತಿರುವಲ್ಲಿ ಗಾಡಿ ನಿಲ್ಲಿಸಿಬಿಡ್ತಿದ್ದೆ. ಇಳಿದು ವಾಂತಿ ಮಾಡಿ ಮತ್ತೆ ಕೂತಿದ್ದೀನಿ. ನಿನಗೆ ಹೇಳಿದ್ರೆ ನನ್ನ ಬಿಡಲ್ಲ ಅಂತ ಹೇಳ್ಲಿಲ್ಲ. ಕೀ ಕಳೆದಾಗ ಒಂದು ಕ್ಷಣ ನನಗೂ ಒಳ್ಳೇದೇ ಆಯ್ತು ಅನ್ನಿಸಿತ್ತಮ್ಮ. ಅದಕ್ಕೇ ಹಟ ಹಿಡಿದು ಹೊಸದು ತರಿಸಿದ್ದು."

ಟೈಲರಮ್ಮ ದಿಂಬನ್ನು ಎದೆಯಿಂದ ಕೆಳಗಿಳಿಸಿದಳು. ಮನೆಯಲ್ಲಿ ಭಯವನ್ನು ಹೊತ್ತವಳು ತಾನೊಬ್ಬಳೇ ಎಂದು ಇಷ್ಟು ವರ್ಷ ತಿಳಿದಿದ್ದಳಲ್ಲ ಎಂದು ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು. ಕತ್ತರಿಗಾಗಿ ಕಾಯದೆ ಹೊಲಿಗೆಯನ್ನು ಹಲ್ಲಿನಿಂದಲೇ ಕಚ್ಚಿ ಹರಿದಳು. ಹತ್ತಿಯ ಸಮೇತ ಕೀಲಿಯನ್ನು ಕೀಲಿಯವನ ಕೈಗಿಟ್ಟಳು.

ಅವನು ಇಂಜಿನ್ ಆರಿಸಿ, ಹಳೆಯದನ್ನು ಗೇಟಿನಾಚೆ ಇಟ್ಟು ಬಂದು ಹೊಸದನ್ನು ಬಟನ್ನಿಗೆ ಹಿಡಿದ. ಮೊದಲ ಸಲಕ್ಕೇ ಹಸಿರು ಬಂತು. ಆಮೇಲೆ ಹಳೆಯದನ್ನೂ ಸೇರಿಸಿ, ಎರಡನ್ನೂ ಮಗಳಿಗೆ ಕೊಟ್ಟು, ವೈರು ಸುತ್ತಿಕೊಂಡ.

ಮಗಳು ಒಂದು ಕೀಲಿಯನ್ನು ಅಮ್ಮನ ಮುಂದೆ ಚಾಚಿದಳು. "ಇದು ನಿನ್ನ ಹತ್ರ ಇರಲಿ. ಬೇಕಾದ್ರೆ ಬೆಳಿಗ್ಗೆ ಗಾಡಿ ಲಾಕ್ ಮಾಡ್ಕೊಂಡು ಕೂತ್ಕೋ. ನಾನು ಕೇಳಲ್ಲ."

ಟೈಲರಮ್ಮ ತೆಗೆದುಕೊಳ್ಳಲಿಲ್ಲ. ಕಾರನ್ನು ಸುತ್ತಿ ಬಂದು, ಸೊಂಟ ಹಿಡಿದುಕೊಂಡು, ಮುಂದಿನ ಸೀಟಿನಲ್ಲಿ ಮಗಳ ಪಕ್ಕ ಕೂತಳು.

"ಆ ತಿರುವಿನ ತನಕ ನಡಿ," ಎಂದಳು. "ಇಬ್ಬರೂ ಒಟ್ಟಿಗೆ ಹೆದರೋಣ."