ಎಡಗೈ ತುತ್ತು

ಕೊಂಡಾಪುರದ ಫಿಜಿಯೋಥೆರಪಿ ಶಿಬಿರಕ್ಕೆ ಗೋದಾವರಿ ಹೊರಟಿದ್ದು ಒಂದೇ ಒಂದು ಆಸೆಯಿಂದ. ಮಗಳ ಬಲ ಅಂಗೈ ಮೇಲಕ್ಕೆ ತಿರುಗಬೇಕು, ಅದೂ ಇಪ್ಪತ್ತು ದಿನದೊಳಗೆ. ಇಪ್ಪತ್ತೊಂದನೆಯ ದಿನ ಕಾಚಿಗೂಡದ ಕಲ್ಯಾಣ ಮಂಟಪದಲ್ಲಿ ಮೈದುನನ ಮಗ ನಿಶಾಂತನ ಮುಂಜಿ. ಈ ಸಲ ತಾನೂ ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತು ಉಣ್ಣುವವಳೇ ಎಂದು ಹತ್ತು ವರ್ಷದ ಧನಶ್ರೀ ಹಟ ಹಿಡಿದಿದ್ದಳು.

ಪಂಕ್ತಿಯಲ್ಲಿ ಕೂತರೆ ಅವಳು ಎಡಗೈಯಲ್ಲಿ ಉಣ್ಣಬೇಕು. ತೊಡಕು ಇಷ್ಟೇ. ಹುಟ್ಟುವಾಗ ಧನಶ್ರೀ ನಾಲ್ಕು ಕಿಲೋಗೂ ಮೇಲಿದ್ದಳು. ತಲೆ ಹೊರಬಂದ ಮೇಲೆ ಭುಜ ಸಿಕ್ಕಿಕೊಂಡು, ಕುತ್ತಿಗೆಯಿಂದ ತೋಳಿಗೆ ಇಳಿಯುವ ನರಗಳು ಜಗ್ಗಿಹೋಗಿದ್ದವು. ಬಲಗೈ ಹಿಡಿಯುತ್ತದೆ, ಎತ್ತುತ್ತದೆ, ಆದರೆ ಅಂಗೈ ನೆಲ ನೋಡುವುದನ್ನು ಬಿಡುವುದಿಲ್ಲ. ತುತ್ತು ಬಾಯಿಗೆ ಮುಟ್ಟುವ ಮೊದಲೇ ಅರ್ಧ ಮಡಿಲಿಗೆ. ಎಡಗೈ ಎಲೆಗೆ ತಾಗಿತೋ, ಪಂಕ್ತಿಯ ಹಿರಿಯರು ಬಾಯಿಬಿಟ್ಟು ಏನೂ ಅನ್ನುವುದಿಲ್ಲ, ಉಣ್ಣುವುದು ನಿಲ್ಲಿಸಿ ನೋಡುತ್ತಾರೆ.

ಆ ನೋಟ ಮಗಳ ಮೇಲೆ ಬೀಳಬಾರದೆಂದು ಗೋದಾವರಿ ತನ್ನದೇ ಉಪಾಯ ಮಾಡಿಕೊಂಡಿದ್ದಳು. ಮನೆಯಲ್ಲಿ ತಾನೇ ಕಲಸಿ ತಿನ್ನಿಸುವುದು. ಮದುವೆ ಮುಂಜಿಗಳಲ್ಲಿ ಅಡುಗೆಯವರ ಹಿಂದೆ ಒಂದು ಮೂಲೆಯಲ್ಲಿ ಕೂರಿಸಿ ಮೊದಲೇ ಹೊಟ್ಟೆ ತುಂಬಿಸಿಬಿಡುವುದು. ಶಾಲೆಯ ಡಬ್ಬಿಗೆ ಉಪ್ಪಿಟ್ಟು, ಅವಲಕ್ಕಿ, ಚಿತ್ರಾನ್ನ, ಜೊತೆಗೊಂದು ಚಮಚ. ಚಮಚಕ್ಕೆ ಎಡ ಬಲ ಎಂಬ ಮಡಿಯಿಲ್ಲ ಎಂಬುದು ಆಕೆಯೇ ಬರೆದುಕೊಂಡ ಶಾಸ್ತ್ರ. ಅದು ಬಾಳೆಎಲೆಯ ಮುಂದೆ ನಡೆಯುವಂಥದ್ದಲ್ಲ. ಯಾರಾದರೂ ಕೇಳಿದರೆ, ನಮ್ಮಾಕಿ ಹಟಮಾರಿ, ತಾನಾಗಿ ಉಣ್ಣುವುದಿಲ್ಲ ಎಂದು ನಕ್ಕುಬಿಡುತ್ತಿದ್ದಳು. ಊಟದ ವಿಷಯದಲ್ಲಿ ಆ ಹುಡುಗಿಯಷ್ಟು ಸಾಧು ಇನ್ನೊಬ್ಬರಿರಲಿಲ್ಲ. ಆದರೂ ಅಮ್ಮನ ಸುಳ್ಳಿಗೆ ಅವಳು ಎಂದೂ ಎದುರಾಡಿರಲಿಲ್ಲ.

ಅಪ್ಪ ಪ್ರಾಣೇಶನಿಗೆ ಭಾನುವಾರವೂ ರೈಲ್ವೆ ಡ್ಯೂಟಿ. ತಾಯಿ ಮಗಳು ಮಲ್ಕಾಜ್‌ಗಿರಿಯಿಂದ ಎರಡು ಬಸ್ಸು ಬದಲಿಸಿ ಬಂದರು. ಸಭಾಂಗಣದ ಬಾಗಿಲಲ್ಲೇ ಗೋದಾವರಿ ನಿಂತುಬಿಟ್ಟಳು. ಇಪ್ಪತ್ಮೂರು ಮನೆಯವರು, ಪ್ರತಿ ಮನೆಯಲ್ಲೂ ಒಂದು ತೋಳು ಸಣ್ಣಗಿರುವ, ಮೊಣಕೈ ಹೊರಗೆ ಚಾಚಿದ ಒಂದು ಮಗು. ಲೋಕದಲ್ಲಿ ಇಂಥ ಕೈ ತನ್ನ ಮಗಳಿಗೊಂದೇ ಎಂದು ಆಕೆ ಹತ್ತು ವರ್ಷ ಅಂದುಕೊಂಡಿದ್ದಳು. ಧನಶ್ರೀಯಂತೂ ಐದು ನಿಮಿಷದಲ್ಲಿ ತೆಲುಗು ಹುಡುಗಿಯರ ಗುಂಪು ಸೇರಿ ಮಾಯವಾದಳು.

ಶಿಬಿರ ನಡೆಸುತ್ತಿದ್ದವಳು ಹರ್ಷದಾ ಎಂಬ ಫಿಜಿಯೋಥೆರಪಿಸ್ಟ್, ಬೀದರ ಕಡೆಯವಳು. ಕನ್ನಡ ಕಿವಿಗೆ ಬಿದ್ದದ್ದೇ ಗೋದಾವರಿಗೆ ಅರ್ಧ ಕೆಲಸ ಆದಂತೆನಿಸಿತು. ಧನಶ್ರೀಯನ್ನು ಹುಡುಕಿ ಕರೆತಂದು ಕೂರಿಸಿದಳು. ಹರ್ಷದಾ ಕೈಯನ್ನು ತಿರುಗಿಸಿ, ಅಳತೆ ಬರೆದುಕೊಂಡು, ಹುಡುಗಿಯನ್ನು ಆಟಕ್ಕೆ ಕಳಿಸಿದಳು. ಮುಂಜಿಯ ಮಾತನ್ನು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಸುತ್ತುಬಳಸದೆ ಹೇಳಿದಳು.

"ವ್ಯಾಯಾಮ ಬಿಡಬ್ಯಾಡ್ರಿ, ಕೈಗೆ ಬಲ ಬರ್ತದ. ಆದ್ರ ಅಂಗೈ ಇದಕಿಂತ ಮ್ಯಾಲ ತಿರಗೂದಿಲ್ರಿ. ಎಡಗೈ ಭಾಳ ಛಲೋ ಅದ ಅಲ್ಲಾ?"

ಗೋದಾವರಿಯ ಮುಖ ಸಣ್ಣದಾಯಿತು. ಎಡಗೈಯ ಹೊಗಳಿಕೆ ಕೇಳಲು ಎರಡು ಬಸ್ಸು ಬದಲಿಸಿ ಯಾರು ಬರುತ್ತಾರೆ? ಈಗಲೇ ಮನೆಗೆ ಹೊರಡೋಣವೆಂದರೆ ಮಗಳು ಕೈಗೆ ಸಿಗಲಿಲ್ಲ.

ಊಟಕ್ಕೆ ಒಂದು ನೇಮವಿತ್ತು. ಮಗುವಿನ ಯಾವ ಕೈ ಸೋತಿದೆಯೋ ತಂದೆತಾಯಿಯರ ಅದೇ ಕೈಯನ್ನು ಕೊರಳಿಗೆ ಬಟ್ಟೆಯಿಂದ ಕಟ್ಟುತ್ತಾರೆ, ಇನ್ನೊಂದರಲ್ಲೇ ಉಣ್ಣಬೇಕು, ಚಮಚ ಕೊಡುವುದಿಲ್ಲ. ಜನ ನಗುನಗುತ್ತಾ ಕಟ್ಟಿಸಿಕೊಂಡರು. ಬಲಗೈ ಕಟ್ಟಿಸಿಕೊಂಡು ಕೂತ ಗೋದಾವರಿಯ ಮುಂದೆ ಅನ್ನ, ಪಪ್ಪು ಎಂಬ ತೆಲುಗರ ತೊವ್ವೆ, ನಿಂಬೆಹಣ್ಣಿನ ಹೋಳು ಬಂದವು. ಎಡಗೈ ಅನ್ನದವರೆಗೆ ಹೋಗಿ ನಿಂತಿತು. ನಲವತ್ತು ವರ್ಷದ ರೂಢಿ ಅದನ್ನು ಮುಂದೆ ಬಿಡಲಿಲ್ಲ. ಏಕಾದಶಿ ಎಂದು ಹೇಳಿ ತಪ್ಪಿಸಿಕೊಳ್ಳೋಣವೆಂದರೆ ಅಂದು ಏಕಾದಶಿಯಲ್ಲ. ಹೊಟ್ಟೆ ತಾಳ ಹಾಕುತ್ತಿತ್ತು, ಆಕೆ ತಟ್ಟೆ ನೋಡುತ್ತಾ ಕೂತಳು.

ಧನಶ್ರೀ ತನ್ನ ತಟ್ಟೆ ತಂದು ಎದುರಿಗೆ ಕೂತಳು. ಎಡಗೈಯಿಂದ ನಿಂಬೆ ಹಿಂಡಿ, ಅನ್ನ ಪಪ್ಪು ಕಲಸಿ, ಬೆರಳ ತುದಿಯಲ್ಲಿ ತುತ್ತು ಮಾಡಿ ಹೆಬ್ಬೆರಳಿನಿಂದ ಬಾಯಿಗೆ ತಳ್ಳಿದಳು. ಒಂದು ಅಗುಳು ಕೆಳಗೆ ಬೀಳಲಿಲ್ಲ. ಇವತ್ತು ಕಲಿತ ಕೈಯಲ್ಲ ಅದು ಎಂದು ಅಡುಗೆ ಮಾಡುವ ಯಾವ ಹೆಂಗಸಿಗಾದರೂ ತಿಳಿಯುತ್ತಿತ್ತು.

"ಯಾವಾಗ ಕಲತಿ ಇದನ್ನ?"

"ಒಂದನೇ ಕ್ಲಾಸಿನ್ಯಾಗ."

"ಮತ್ತ ಚಮಚಾ?"

"ನಳದಾಗ ತೊಳದು ತರ್ತೀನಿ."

ಆ ಚಮಚ ದಿನವೂ ಫಳಫಳ ಹೊಳೆಯುತ್ತಾ ಮನೆಗೆ ಬರುತ್ತಿತ್ತು. ನಮ್ಮಾಕಿ ಎಷ್ಟು ಅಚ್ಚುಕಟ್ಟು ಎಂದು ಗೋದಾವರಿ ನೆರೆಯವರ ಮುಂದೆ ಜಂಭ ಕೊಚ್ಚಿಕೊಂಡಿದ್ದಳು. ಮತ್ತೆ ಮನೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳುವಷ್ಟರಲ್ಲಿ ಆಕೆಯ ದನಿ ಇಳಿದಿತ್ತು.

"ಬ್ಯಾಡ ಅಂದ್ರ ನಿನಗ ಕೆಟ್ಟ ಅನಸ್ತದ ಅಂತ," ಎಂದು ಧನಶ್ರೀ ಇನ್ನೊಂದು ತುತ್ತು ತಿಂದಳು.

ಗೋದಾವರಿಗೆ ನಾಚಿಕೆಯಾಯಿತು. ನಾಲ್ಕು ವರ್ಷ ಈ ಹುಡುಗಿ ತನ್ನ ಮುಂದೆ ಬಾಯಿ ತೆರೆದು ಕೂತದ್ದು ಹಸಿವಿಗಲ್ಲ, ಅಮ್ಮನ ಸಮಾಧಾನಕ್ಕೆ. ಅಳು ಬಂತು, ಬಲಗೈ ಕಟ್ಟಿದ್ದರಿಂದ ಎಡಗೈಯಲ್ಲೇ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಧನಶ್ರೀ ಅಮ್ಮನ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು ಕಲಸತೊಡಗಿದಳು. ಎಡಗೈ, ಅದೂ ಎಂಜಲು ಕೈ. ತುತ್ತು ಮುಖದ ಮುಂದೆ ಬಂತು.

"ಬಾಯಿ ತಗಿ, ಅಮ್ಮಾ."

ಗೋದಾವರಿ ಸುತ್ತಲೂ ನೋಡಿದಳು. ಯಾರೂ ಇತ್ತ ನೋಡುತ್ತಿರಲಿಲ್ಲ, ಎಲ್ಲರಿಗೂ ಅವರವರ ತುತ್ತನ್ನು ಬಾಯಿಗೆ ಮುಟ್ಟಿಸುವುದೇ ಸಾಕಾಗಿತ್ತು. ಬಾಯಿ ತೆರೆದಳು. ಉಪ್ಪು ಸ್ವಲ್ಪ ಕಡಿಮೆಯಿತ್ತು. ಮೂರು ತುತ್ತು ಮಗಳ ಕೈಯಿಂದ ತಿಂದು, ನಾಲ್ಕನೆಯದನ್ನು ತಾನೇ ಎಡಗೈಯಲ್ಲಿ ಎತ್ತಿದಳು. ಅರ್ಧ ಬಾಯಿಗೆ, ಅರ್ಧ ಸೆರಗಿಗೆ.

"ಮುಂಜಿವಿ ದಿನ ನನ್ನ ಬಾಜೂಕ ಕೂಡು," ಎಂದಳು. "ನಾನೂ ಎಡಗೈಲೇ ಉಣ್ತೀನಿ. ಮಂದಿ ಯಾರನ್ನ ನೋಡ್ತಾರ ನೋಡೋಣಂತ."

ಧನಶ್ರೀ ಅಮ್ಮನ ಸೆರಗಿನ ಮೇಲಿನ ಪಪ್ಪು ಒರೆಸುತ್ತಿದ್ದಳು.

"ಬ್ಯಾಡ, ನೀ ಬಲಗೈಲೇ ಉಣ್ಣು. ನಿನಗ ಇದು ಬರೂದಿಲ್ಲ, ರೇಶ್ಮಿ ಸೀರಿ ಹೊಲಸ ಮಾಡ್ಕೋತಿ."