ದೋಣಿಯ ಅಮ್ಮನ ಮುಂದೆ ಇಟ್ಟ ಆಣೆ

ನನ್ನ ಬಾಯಿ ಕೊಳಕು ಅಂತ ನಮ್ಮ ಹೊಳೆಯ ಎರಡೂ ದಡಕ್ಕೆ ಗೊತ್ತು. ಗೊತ್ತಿರಲಿ, ಯಾರಪ್ಪನ ಮನೆ ಗಂಟು ಹೋಯಿತು? ಹದಿನೇಳು ವರ್ಷದಿಂದ ನಮ್ಮೂರ ಹೆಂಗಸರ ಪಂದ್ಯದ ದೋಣಿಯ ಹಿಂಬದಿ ನಿಂತು ಲಯ ಕೂಗುವವಳು ನಾನು, ಬುವಾಲೊಯ್. ಮೂವತ್ತು ಹೆಂಗಸರು ಮುಂದೆ ನೋಡುತ್ತ ಹುಟ್ಟು ಹಾಕುತ್ತಾರೆ, ನಾನು ಅವರ ಬೆನ್ನಿಗೆ ಬೈಯುತ್ತೇನೆ. ಮೊದಲು ಕೋಣ, ಆಮೇಲೆ ಸೋಮಾರಿ ಮುಂಡೇದು, ಕೊನೆಯ ನೂರು ಮೀಟರಿಗೆ ಉಡ. ನಮ್ಮ ಥಾಯ್ ಬೈಗುಳಗಳಲ್ಲಿ ಉಡಕ್ಕಿಂತ ಕೆಟ್ಟದ್ದಿಲ್ಲ. ಅದು ಕಿವಿಗೆ ಬಿದ್ದರೆ ಸೋತ ತೋಳಿಗೂ ಜೀವ ಬರುತ್ತದೆ.

ಹೋದ ವರ್ಷ ಪಂದ್ಯದ ನಡುವೆ ದೋಣಿ ಮಗುಚಿತು. ಊರ ಯಜಮಾನ ಇನ್‌ಖಮ್ ಆ ತಪ್ಪನ್ನು ನನ್ನ ತಲೆಗೆ ಕಟ್ಟಿದ.

"ದೋಣಿ ಕಾಯೋ ಅಮ್ಮ ಅದರ ಮೂತೀಲಿ ಇದಾಳೆ ಕಣಮ್ಮ. ನಿನ್ ಹೊಲಸು ಬಾಯಿಗೆ ಮುನಿಸ್ಕೊಂಡ್ಲು. ಈ ಸಲ ಪಂದ್ಯ ಮುಗಿಯೋವರ್ಗೂ ಒಂದು ಕೆಟ್ಟ ಮಾತು ಬಂತೋ, ಇಲ್ಲ ಸೋತ್ರೋ, ನಿನ್ ಜಾಗಕ್ಕೆ ನನ್ ಸೊಸೆ. ಅವಳ ಹತ್ರ ಸೀಟಿ ಇದೆ."

ಸೀಟಿಯಂತೆ ಸೀಟಿ! ಹೊಟ್ಟೆ ಉರಿದುಹೋಯಿತು. ಗಂಡ ಸತ್ತ ಮೇಲೆ ನನ್ನದು ಅಂತ ಉಳಿದಿದ್ದು ಆ ಒಂದು ಜಾಗ. ಬೌದ್ಧ ವಿಹಾರದ ಅಂಗಳದಲ್ಲಿ ಇಟ್ಟಿದ್ದ ದೋಣಿಯ ಮೂತಿ ಮುಟ್ಟಿ, ಬೈಯುವುದಿಲ್ಲ ಅಂತ ಆಣೆ ಇಟ್ಟೆ.

ಅಭ್ಯಾಸದಲ್ಲಿ, "ಅಕ್ಕಂದಿರಾ, ಸ್ವಲ್ಪ ಜೋರಾಗಿ ಹಾಕ್ರಮ್ಮ" ಅಂದರೆ ಮೂವತ್ತೂ ಜನ ಕಿಸಕ್ಕನೆ ನಗುತ್ತಿದ್ದರು. ಊರ ಶಾಲೆಯ ಮೇಷ್ಟ್ರು ಗಡಿಯಾರ ಹಿಡಿದು ನೋಡಿದರು. ಐನೂರು ಮೀಟರಿಗೆ ಆರು ಸೆಕೆಂಡು ನಿಧಾನ. ಮರುದಿನವೂ ಅಷ್ಟೇ.

"ಮೈಗೆ ಕಸುವೇ ಬರ್ತಿಲ್ಲ ಕಣೇ. ಉಪ್ಪಿಲ್ಲದ ಸಾರು ಉಂಡಂಗಿದೆ," ಅಂದಳು ಮುಂದಿನ ಸಾಲಿನ ತೊಂಗ್‌ದಿ ಅಕ್ಕ. ಅವಳು ವಿಹಾರದ ಭಿಕ್ಷುಗಳಿಗೆ ಅಡುಗೆ ಮಾಡುವವಳು. ಅವಳ ಬಾಯಲ್ಲಿ 'ಛೀ' ಅನ್ನುವುದನ್ನೂ ನಾನು ಕೇಳಿಲ್ಲ.

ಪಂದ್ಯದ ಬೆಳಿಗ್ಗೆ ದೋಣಿಯ ಮೂತಿಗೆ ಎಂದಿಗಿಂತ ಹೆಚ್ಚು ಹೂಮಾಲೆ ಬಿದ್ದಿತ್ತು. ಗೆಲ್ಲಲಿ ಅಂತ ಬೇಡಿಕೊಂಡಿರಬೇಕು ಅಂದುಕೊಂಡೆ.

ಕೊನೆಯ ನೂರು ಮೀಟರ್ ಬಂದಾಗ ಎದುರಾಳಿ ದೋಣಿ ಅರ್ಧ ದೋಣಿಯಷ್ಟು ಮುಂದಿತ್ತು. ನಮ್ಮ ಹುಟ್ಟುಗಳು ನೀರನ್ನು ಸವರುತ್ತಿದ್ದವು. ಉಡ ನನ್ನ ಗಂಟಲವರೆಗೆ ಬಂದು ಕೂತಿತ್ತು. ತುಟಿ ಕಚ್ಚಿದೆ, ರಕ್ತ ಬಂತು. "ಹಾಕ್ರಮ್ಮ," ಅಂದೆ, ಅಳು ಬಂದುಬಿಟ್ಟಿತು. ಮುಗಿಯಿತು ನನ್ನ ಕಥೆ ಅಂದುಕೊಂಡೆ.

ಆಗ ಮುಂದಿನಿಂದ ಒಂದು ಗಂಟಲು ಕಿರುಚಿತು.

"ಏ ಬುವಾಲೊಯ್! ಉಡ ಮುಂಡೇದೇ! ಬಾಯ್ತುಂಬ ಅಂಟಂಟು ಅನ್ನ ತುಂಬ್ಕೊಂಡು ನಿಂತಿದೀಯೇನೇ?"

ತೊಂಗ್‌ದಿ ಅಕ್ಕ! ಅಯ್ಯೋ ದೇವರೇ, ತೊಂಗ್‌ದಿ ಅಕ್ಕ! ಅವಳ ಹಿಂದೆಯೇ ಇನ್ನೊಬ್ಬಳು, ಮತ್ತೊಬ್ಬಳು. ಒಂದೊಂದು ಹುಟ್ಟಿಗೂ "ಉಡ! ಉಡ!" ಅಂತ ಮೂವತ್ತು ಬಾಯಿ ನನ್ನನ್ನು ಜಾಲಾಡಿದವು. ದೋಣಿ ಮುನ್ನುಗ್ಗಿತು. ನಾನು ಕುಣಿಯುತ್ತ ಲಯಕ್ಕೆ ಚಪ್ಪಾಳೆ ತಟ್ಟಿದೆ. ಒಂದು ಗೇಣು ಮುಂದಾಗಿ ಗೆದ್ದೆವು.

ದಡ ಮುಟ್ಟುವಷ್ಟರಲ್ಲಿ ಇನ್‌ಖಮ್ ಮೊಣಕಾಲುದ್ದ ನೀರಿಗೆ ಇಳಿದು ಬಂದಿದ್ದ.

"ಬೈಗುಳ ಕೇಳಿಸ್ತು. ಬೈದ್ಯಾ?"

"ಎಲ್ಲಿ ಬೈದೆ ಯಜಮಾನ್ರೇ? ಬೈಸ್ಕೊಂಡೆ!"

"ಯಾರು ಬೈದ್ರೇನು, ಅಮ್ಮ ಮುನಿಸ್ಕೊಳ್ಳಲ್ವಾ?"

ತೊಂಗ್‌ದಿ ಅಕ್ಕ ಏದುಸಿರು ಬಿಡುತ್ತ ಎದ್ದಳು. "ಬೈಯೋಕ್ ಮುಂಚೇನೇ ಅಮ್ಮನ ಹತ್ರ ಕ್ಷಮೆ ಕೇಳ್ಕೊಂಡಿದೀವಿ. ಬೆಳಿಗ್ಗೆ ಮೂವತ್ತು ಜನ, ಮೂವತ್ತು ಮಾಲೆ. ಎಣಿಸ್ಕೊಳ್ಳಿ ಬೇಕಾದ್ರೆ. ಬುವಾಲೊಯ್ ಇಲ್ದಿದ್ರೆ ನಾವೂ ಹುಟ್ಟು ಮುಟ್ಟಲ್ಲ."

ಇನ್‌ಖಮ್ ದೋಣಿಯ ಮೂತಿಯ ಕಡೆ ನೋಡಿದ, ಎಣಿಸಲಿಲ್ಲ. ತಲೆ ಕೆರೆದುಕೊಂಡು, "ಸೀಟಿ ಸೊಸೆ ಹತ್ರಾನೇ ಇರ್ಲಿ ಬಿಡು," ಅಂದ.

ಎದೆ ಮೇಲಿನ ಚಪ್ಪಡಿ ಇಳಿದಂತಾಯಿತು. ಅಲ್ಲೇ ಕೆಸರಲ್ಲಿ ಕೂತು ಗೊಳೋ ಅಂತ ಅತ್ತೆ. ಪಂದ್ಯ ಮುಗಿದಿತ್ತು, ಆಣೆಯೂ ಮುಗಿದಿತ್ತು.

"ಉಡಗಳಾ," ಅಂದೆ, "ಮೂವತ್ತೂ ಉಡಗಳಾ, ಮೊದಲೇ ಹೇಳೋಕೆ ಏನಾಗಿತ್ರೇ ನಿಮ್ಗೆ?"