ಎರಡನೆಯ ಬ್ರೇಕು

ಡ್ರೈವಿಂಗ್ ಕಲಿಸುವ ಮೇಷ್ಟ್ರ ಬಲಗಾಲು ಮನೆಯ ಸೋಫಾದ ಮೇಲೂ ಸುಮ್ಮನಿರುವ ಜಾತಿಯದಲ್ಲ. ಟಿವಿಯಲ್ಲಿ ಯಾವನೋ ಜೋರಾಗಿ ಗಾಡಿ ತಿರುಗಿಸಿದರೆ ಇಲ್ಲಿ ಇವರು ನೆಲ ಒತ್ತುತ್ತಾರೆ. ಹೆಂಡತಿ ಬಿಸಿ ಕಾಫಿ ಹಿಡಿದು ಬಿರಬಿರನೆ ಬಂದರೂ ನೆಲ ಒತ್ತುತ್ತಾರೆ. ಊರವರು ಅವರಿಗೆ ‘ಬ್ರೇಕ್ ಮೇಷ್ಟ್ರು’ ಎಂದು ಹೆಸರಿಟ್ಟಿದ್ದರು. ಪಾಪ, ಅವರು ಅದನ್ನು ಬಿರುದು ಅಂದುಕೊಂಡಿದ್ದರು.

ಕಲಿಸುವ ಕಾರಿನಲ್ಲಿ ಮೇಷ್ಟ್ರ ಕಾಲಡಿಗೂ ಒಂದು ಬ್ರೇಕು ಇರುತ್ತದೆ. ಕಲಿಯುವವರಿಗೆ ಕೈಕಾಲು ಆಡದಾದಾಗ, ಇನ್ನೇನು ಗುದ್ದಿತು ಅನ್ನುವಾಗ ಒತ್ತಲಿ ಎಂದು ಕೊಟ್ಟದ್ದು. ನಮ್ಮ ಮೇಷ್ಟ್ರು ಅದನ್ನು ಉಪ್ಪಿನ ಹಾಗೆ ಎಲ್ಲದಕ್ಕೂ ಹಾಕುತ್ತಿದ್ದರು. ದೂರದಲ್ಲಿ ಬೆಕ್ಕು ಕಂಡರೆ ಬ್ರೇಕು. ಬೆಕ್ಕು ಕಾಣದಿದ್ದರೆ, ಎಲ್ಲಿ ಹೋಯಿತೋ ಎಂದು ಬ್ರೇಕು.

ಹೀಗಾಗಿ ಅವರ ಶಿಷ್ಯರೆಲ್ಲ ಗೇರು ಬದಲಿಸುವುದರಲ್ಲಿ ಪಳಗಿದವರು, ಗಾಡಿ ತಿರುಗಿಸುವುದರಲ್ಲಿ ಎತ್ತಿದ ಕೈ. ನಿಲ್ಲಿಸುವುದು ಮಾತ್ರ ಒಬ್ಬರಿಗೂ ಬರುತ್ತಿರಲಿಲ್ಲ. ನಿಲ್ಲಿಸಲು ಅವರಿಗೆ ಸಂದರ್ಭವಾದರೂ ಎಲ್ಲಿ ಸಿಕ್ಕಿತ್ತು? ಲೈಸೆನ್ಸ್ ಪರೀಕ್ಷೆಯ ದಿನ ಸಿಗ್ನಲ್ ಕೆಂಪಾದರೆ ಪಕ್ಕದ ಸೀಟು ನೋಡುತ್ತ ಹಾಯಾಗಿ ಮುಂದೆ ಹೋಗುತ್ತಿದ್ದರು.

ಹೀಗೆ ಹಾಯಾಗಿ ಹೋಗಿ ಎರಡು ಸಲ ಫೇಲಾದವರಲ್ಲಿ ಮೇಷ್ಟ್ರ ಹೆಂಡತಿಯೂ ಒಬ್ಬಳು. ಆಸ್ಪತ್ರೆಯೊಂದರಲ್ಲಿ ಮಂಡಿ ಹಿಡಿದವರಿಗೆ, ಸೊಂಟ ಕೈಕೊಟ್ಟವರಿಗೆ ವ್ಯಾಯಾಮ ಮಾಡಿಸುವುದು ಅವಳ ಕೆಲಸ. ಎದ್ದು ಬರಲಾಗದವರ ಮನೆಗೇ ಹೋಗಿ ಮಾಡಿಸಬೇಕೆಂದು ಅವಳಿಗೆ ಬಹಳ ದಿನದ ಆಸೆ. ಆಸ್ಪತ್ರೆಯವರು ಅದಕ್ಕೆ ಒಪ್ಪಿ ಕಾರನ್ನೂ ಕೊಡುವುದಾಗಿ ಹೇಳಿದ್ದರು. ಬೇಕಿದ್ದುದು ಲೈಸೆನ್ಸ್ ಒಂದೇ.

“ಮುಂದಿನ ವಾರ ಕೊನೇ ಅವಕಾಶ ರೀ,” ಎಂದಳು ಅವಳು ಬಟ್ಟೆ ಮಡಚುತ್ತ. “ಈ ಸಲಾನೂ ಫೇಲಾದ್ರೆ ಕೆಲಸ ಬೇರೆಯವರಿಗೆ ಹೋಗುತ್ತೆ. ನಾನು ಬೇರೆ ಮೇಷ್ಟ್ರನ್ನ ಹುಡುಕ್ಕೊಳ್ಳಲಾ?”

ಮೇಷ್ಟ್ರ ಕಾಲು ನೆಲ ಒತ್ತಿತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾಚಿಕೆಯಾಯಿತು.

ಏಕೆಂದರೆ ಅವರ ಹತ್ತಿರ ಒಂದು ಗುಟ್ಟಿತ್ತು. ಕೆಲವು ತಿಂಗಳಿಂದ ಗಾಡಿ ಹತ್ತಿದರೆ ಸಾಕು, ಎದೆ ಡವಡವ ಹೊಡೆದುಕೊಂಡು ಅಂಗೈ ಬೆವರುತ್ತಿತ್ತು. ಹೃದಯವೇ ಕೆಟ್ಟಿತೆಂದು ಡಾಕ್ಟರ ಬಳಿ ಓಡಿದರೆ, ಅವರು ಎಲ್ಲ ಪರೀಕ್ಷೆ ಮಾಡಿ, ಹೃದಯ ಗಟ್ಟಿಯಾಗಿದೆ, ಇದು ಮನಸ್ಸಿನ ಆತಂಕ ಎಂದು ಒಬ್ಬ ಆಪ್ತ ಸಲಹೆಗಾರ್ತಿಯ ಬಳಿ ಕಳಿಸಿದ್ದರು. ಮೇಷ್ಟ್ರು ಮನೆಯಲ್ಲಿ ಟಯರು ಅಂಗಡಿಗೆ ಹೋಗುತ್ತೇನೆಂದು ಹೇಳಿ ಅಲ್ಲಿಗೆ ಹೋಗಿ ಬರುತ್ತಿದ್ದರು. ಒಂದು ಕಾರಿಗೆ ಅಷ್ಟೊಂದು ಟಯರು ಏಕೆ ಬೇಕೆಂದು ಹೆಂಡತಿ ಕೇಳದೆ ಇದ್ದದ್ದು ಅವರ ಪುಣ್ಯ.

“ಬ್ರೇಕ್ ಒತ್ತೋಕೆ ಮೊದಲು ನಿಮಗೆ ಏನಾಗುತ್ತೆ?” ಎಂದು ಕೇಳಿದ್ದಳು ಆ ಸಲಹೆಗಾರ್ತಿ.

“ಎದೆ ಝಲ್ ಅನ್ನುತ್ತೆ. ಕಾಲು ತಾನಾಗೇ ಹೋಗುತ್ತೆ.”

“ಎದೇಲಿ ಆಗಿದ್ದನ್ನ ಅಷ್ಟು ದೂರ ಕಾಲಿಗೆ ಇಳಿಸ್ತೀರಲ್ಲ ಮೇಷ್ಟ್ರೇ, ಬಾಯಿ ಇನ್ನೂ ಹತ್ತಿರ ಇತ್ತು. ಹೆದರಿಕೆ ಆಗ್ತಿದೆ ಅಂತ ಬಾಯಿಬಿಟ್ಟು ಹೇಳಿ ನೋಡಿ.”

ಹೇಳುವುದೇನು, ಹೇಳಿಬಿಡಬಹುದು! ಗಂಟಲವರೆಗೆ ಬಂದ ಮಾತು ಅಲ್ಲಿಂದ ಮೇಲೆ ಏರಬೇಕಲ್ಲ.

ಭಾನುವಾರ ಬೆಳಿಗ್ಗೆ ಮೇಷ್ಟ್ರು ಭಾವಮೈದುನನ ಕಾರು ಕೇಳಿ ತಂದರು. ಅದರಲ್ಲಿ ಎಲ್ಲ ಮನೆಗಳ ಕಾರಿನಂತೆ ಒಂದೇ ಬ್ರೇಕು, ಅದೂ ಓಡಿಸುವವರ ಕಾಲಡಿ. ಗೋದಾಮುಗಳ ಹಿಂದಿನ ರಸ್ತೆಗೆ ಹೋದ ಮೇಲೆ ಹೆಂಡತಿಯನ್ನು ಸ್ಟೀರಿಂಗ್ ಮುಂದೆ ಕೂರಿಸಿ, ತಾವು ಚಪ್ಪಲಿ ಬಿಚ್ಚಿ ಪಕ್ಕದ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

“ಇದೇನು, ಊಟಕ್ಕೆ ಕೂತಂಗೆ?” ಅಂದಳು ಅವಳು.

“ನೀನು ಹೊರಡು.”

ಹೊರಟಳು. ಗಾಡಿ ಚೆನ್ನಾಗಿಯೇ ಹೋಗುತ್ತಿತ್ತು. ಹೆದರುವವರ ಮೇಲೆ ಹಾವು ಎಸೆದರು ಅನ್ನುವ ಹಾಗೆ, ಅಷ್ಟರಲ್ಲೇ ಒಂದು ಗೋದಾಮಿನ ಗೇಟಿನಿಂದ ಲಾರಿಯೊಂದು ಹಿಂದೆ ಹಿಂದೆ ಬರತೊಡಗಿತು. ಮೇಷ್ಟ್ರ ಪ್ರಾಣ ಬಾಯಿಗೆ ಬಂತು. ಕಾಲು ಇಳಿಯಲು ನೋಡಿತು. ಎರಡೂ ಕೈಯಲ್ಲಿ ಅದನ್ನು ಅದುಮಿ ಹಿಡಿದರು.

“ನಂಗೆ ಹೆದರಿಕೆ ಆಗ್ತಿದೆ ಕಣೇ!” ಎಂದು ಕೂಗಿಬಿಟ್ಟರು.

“ನಂಗೂ ಆಗ್ತಿದೆ ರೀ. ಅದಕ್ಕೇ ನಿಲ್ಲಿಸ್ತಿದ್ದೀನಿ,” ಎಂದಳು ಅವಳು. ಕಾರು ಲಾರಿಗೆ ಸಾಕಷ್ಟು ದೂರದಲ್ಲೇ ಮೆಲ್ಲಗೆ ನಿಂತಿತು. ನಿಲ್ಲಿಸಿದ್ದು ಅವಳೊಬ್ಬಳೇ. ಲಾರಿಯವನು ಕೈ ಎತ್ತಿ ತೋರಿಸಿ ಹೋದ.

ಅವಳು ಕಾರನ್ನು ರಸ್ತೆಯ ಬದಿಗೆ ಹಾಕಿ ಗಂಡನ ಕಡೆ ತಿರುಗಿದಳು. ಮೇಷ್ಟ್ರ ಕಣ್ಣಲ್ಲಿ ನೀರಿತ್ತು. ಕಟ್ಟೆ ಒಡೆದ ಮೇಲೆ ಇನ್ನೇನು, ಎದೆ ಹೊಡೆದುಕೊಳ್ಳುವುದು, ಡಾಕ್ಟರು, ಸಲಹೆಗಾರ್ತಿ, ಟಯರು ಅಂಗಡಿಯ ಸುಳ್ಳು, ಎಲ್ಲ ಹೊರಗೆ ಬಂತು.

“ಇಷ್ಟು ದಿನ ನನ್ನ ಹತ್ರ ಯಾಕೆ ಹೇಳ್ಲಿಲ್ಲ?”

“ಮೇಷ್ಟ್ರಿಗೇ ಭಯ ಅಂದ್ರೆ ಅವನ ಗಾಡಿ ಯಾರು ಹತ್ತುತ್ತಾರೆ?”

“ನಾನು ಹತ್ತಿ ಎಷ್ಟು ವರ್ಷ ಆಯ್ತು!” ಎಂದು ಅವಳು ಸೆರಗಿನಿಂದ ಅವರ ಮುಖ ಒರೆಸಿದಳು. “ಮುಂದಿನ ಸಲ ಆ ಸಲಹೆಗಾರ್ತಿ ಹತ್ರ ಇಬ್ಬರೂ ಹೋಗೋಣ. ನಾನೇ ಓಡಿಸ್ತೀನಿ.”

ಪರೀಕ್ಷೆಯ ದಿನ ಮೇಷ್ಟ್ರು ಗೇಟಿನ ಹೊರಗೆ ನಿಂತು, ಗುರುತು ಪರಿಚಯ ಇಲ್ಲದವರಿಗೆಲ್ಲ “ಒಳಗೆ ನನ್ನ ಹೆಂಡತಿ ಓಡಿಸ್ತಿದ್ದಾಳೆ, ನಂಗೆ ತುಂಬಾ ಹೆದರಿಕೆ” ಎಂದು ಹೇಳುತ್ತಿದ್ದರು. ಕೆಲವರು ನಕ್ಕರು. ಒಬ್ಬರು “ನಂಗೂ ಅಷ್ಟೇ ಸ್ವಾಮಿ, ಒಳಗೆ ಮಗಳಿದ್ದಾಳೆ” ಎಂದು ಹತ್ತಿರ ಬಂದು ನಿಂತರು. ಪರೀಕ್ಷಕರು ಕೆಂಪು ಸಿಗ್ನಲಿಗೆ ಗಾಡಿ ನಿಂತದ್ದನ್ನು ನೋಡಿ, ಬ್ರೇಕ್ ಮೇಷ್ಟ್ರ ಶಿಷ್ಯೆಯೇ ಹೌದೋ ಅಲ್ಲವೋ ಎಂದು ಇನ್ನೊಮ್ಮೆ ಕೇಳಿ, ಪಾಸು ಮಾಡಿದರು.

ವಾಪಸು ಬರುವಾಗ ಅವಳೇ ಓಡಿಸಿದಳು. ಅರ್ಧ ದಾರಿಯಲ್ಲಿ ಪಕ್ಕದಿಂದ ಏನೋ ಸದ್ದು ಬಂತೆಂದು ತಿರುಗಿದರೆ, ಮೇಷ್ಟ್ರು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಓಡುವ ಗಾಡಿಯಲ್ಲಿ ಅವರು ಕಣ್ಣು ಮುಚ್ಚಿದ್ದನ್ನು ಅವಳು ಇದುವರೆಗೆ ನೋಡಿರಲಿಲ್ಲ. ಮನೆ ಬಂತು. ಅವಳು ನಿಲ್ಲಿಸಲಿಲ್ಲ. ಬೀದಿಯ ತುದಿಯಲ್ಲಿ ತಿರುಗಿಸಿಕೊಂಡು ನಿಧಾನವಾಗಿ ಇನ್ನೊಂದು ಸುತ್ತು ಹೊರಟಳು.